ಬೋಲ್ಟ್ ನುಣ್ಣಗಾದಾಗ: ಹಳೇ ಕಸ್ಟಮ್ ರಿಮ್‌ಫೈರ್ ಆಕ್ಷನ್ ಏಳು ವರ್ಷ, ಹೊಸದು ಎರಡು ವರ್ಷ

ನನ್ನ ಹಳೇ ರೈಫಲ್ ಕೈಗೆ ತೆಗೆದುಕೊಂಡವರೆಲ್ಲ ಮೊದಲು ಹೇಳುತ್ತಿದ್ದ ಮಾತು ಒಂದೇ. "ಬೋಲ್ಟ್ ಎಷ್ಟು ನುಣ್ಣಗೆ ಏಳುತ್ತೆ ಅಲ್ವಾ!" ಬೋಲ್ಟ್ ಅಂದರೆ ತೋಟಾವನ್ನು ಒಳಗೆ ಕೂರಿಸಿ ಹಿಂದಿನಿಂದ ಮುಚ್ಚುವ, ಹಿಡಿ ಎತ್ತಿ ಹಿಂದಕ್ಕೆ ಎಳೆಯುವ ಉಕ್ಕಿನ ತುಂಡು. ನಾನೂ ಐದು ವರ್ಷ ಅದನ್ನೇ ಹೇಳಿಕೊಂಡು ಬಂದೆ. ವರ್ಷ ಕಳೆದಂತೆ ಇನ್ನೂ ನುಣ್ಣಗಾಗುತ್ತಿದೆ, ಲೋಹ ಲೋಹಕ್ಕೆ ಒಗ್ಗಿಕೊಳ್ಳುತ್ತಿದೆ ಅಂತ ಖುಷಿಪಟ್ಟೆ. ಆ ನುಣುಪೇ ರೋಗ ಅಂತ ಗೊತ್ತಾಗಲು ಒಂದು ಹೊಸ ಆಕ್ಷನ್, ಅಂದರೆ ಬೋಲ್ಟ್ ಓಡಾಡುವ, ನಳಿಗೆ ಸಿಕ್ಕಿಸುವ ರೈಫಲ್ಲಿನ ನಡುಭಾಗ, ಕೊಳ್ಳಬೇಕಾಯಿತು. ಇದನ್ನು ಬರೆಯಲು ಕೂತಿರುವುದು ಅದಕ್ಕೇ.

ನಾನು ಕೊಡಗಿನವನು. ಹದಿನಾಲ್ಕು ವರ್ಷದಿಂದ ಅಮೆರಿಕದ ಓಹಾಯೋದಲ್ಲಿದ್ದೇನೆ. ಇಲ್ಲಿ ಬೆಂಚ್‌ರೆಸ್ಟ್ ಅನ್ನುವ ಆಟ ಆಡುತ್ತೇನೆ. ರೈಫಲ್ಲನ್ನು ಮರಳು ಚೀಲಗಳ ಮೇಲೆ ಇಟ್ಟು, ಮೇಜಿಗೆ ಕೂತು, 50 ಗಜ ದೂರದ ಕಾಗದಕ್ಕೆ ಪಾಯಿಂಟ್ ಟೂಟೂ ತೋಟಾ ಹೊಡೆಯುವುದು. ಎಆರ್‌ಎ (ಅಮೆರಿಕನ್ ರಿಮ್‌ಫೈರ್ ಅಸೋಸಿಯೇಶನ್) ನಿಯಮದ ಕಾಗದದಲ್ಲಿ 25 ಗುರಿಗಳಿರುತ್ತವೆ. ಒಂದೊಂದಕ್ಕೆ ಒಂದೇ ಗುಂಡು, ಒಂದೊಂದಕ್ಕೂ 100 ಅಂಕ. ತೂತು ಗೆರೆ ಮುಟ್ಟಿದರೆ ಕೆಳಗಿನ ಅಂಕವೇ ಸಿಗುವುದು. ಕೂದಲೆಳೆ ತಪ್ಪಿದರೂ 100 ಇದ್ದದ್ದು 50ಕ್ಕೆ ಇಳಿಯುತ್ತದೆ. ಹೀಗಾಗಿ ಇಲ್ಲಿ ಕೈಚಳಕಕ್ಕಿಂತ ಗಾಳಿ ಓದುವುದು, ಒಳ್ಳೇ ತೋಟಾ ಹುಡುಕುವುದು, ರೈಫಲ್ಲನ್ನು ಒಂದೇ ಹದದಲ್ಲಿ ಇಟ್ಟುಕೊಳ್ಳುವುದು ಮುಖ್ಯ.

ಹಳೇ ರೈಫಲ್ ಕೊಂಡದ್ದು 2018ರಲ್ಲಿ, ಸೆಕೆಂಡ್ ಹ್ಯಾಂಡ್. ಆಟ ಬಿಡುತ್ತಿದ್ದ ಹಿರಿಯರೊಬ್ಬರು 1,400 ಡಾಲರ್‌ಗೆ ಕೊಟ್ಟರು. ಜೊತೆಗೆ ಒಂದು ನೋಟ್‌ಬುಕ್ಕೂ ಬಂತು. 2001ರಿಂದ ಹೊಡೆದ ಒಂದೊಂದು ಗುಂಡಿನ ಲೆಕ್ಕವೂ ಅದರಲ್ಲಿದೆ. ಆಕ್ಷನ್ ಮಾಡಿದವರ ಹೆಸರು ಬೇಡ. ಎರಡು ಯಂತ್ರ ಇಟ್ಟುಕೊಂಡು ಒಬ್ಬರೇ ಮಾಡುತ್ತಿದ್ದ ಸಣ್ಣ ಕಾರ್ಖಾನೆ ಅದು. ಈಗ ಮುಚ್ಚಿದೆ.

ಇಂಥ ಆಕ್ಷನ್‌ಗಳು ಯಾಕೆ ಹುಟ್ಟಿದವು ಅಂತ ಎರಡು ಮಾತು. ಮೊದಲು ಎಲ್ಲರೂ ಕಾರ್ಖಾನೆಯ ಟಾರ್ಗೆಟ್ ರೈಫಲ್‌ಗಳನ್ನೇ ತಿದ್ದಿ ಬಳಸುತ್ತಿದ್ದರು. ವಿಂಚೆಸ್ಟರ್ 52, ರೆಮಿಂಗ್ಟನ್ 40ಎಕ್ಸ್, ಜರ್ಮನಿಯ ಆನ್‌ಶುಟ್ಜ್ 54, ಪೂರ್ವ ಜರ್ಮನಿಯ ಸೂಲ್ 150. ಒಳ್ಳೆಯವೇ, ಈಗಲೂ ಗೆಲ್ಲುತ್ತವೆ. ಆದರೆ ಬೆಂಚ್‌ನವರಿಗೆ ಬೇಕಿದ್ದದ್ದು ಮ್ಯಾಗಜೀನ್ ಕಿಂಡಿ ಇಲ್ಲದ, ದಪ್ಪ ಗೋಡೆಯ, ದುಂಡನೆಯ, ಒಂದೊಂದೇ ತೋಟಾ ಹಾಕುವ ಆಕ್ಷನ್. ಆಗ ಬಂದವು ಹಾಲ್, ಟರ್ಬೋ, ಸ್ಟಿಲ್ಲರ್ 2500ಎಕ್ಸ್ ಥರದವು. ನನ್ನದೂ ಅದೇ ಗುಂಪಿನದು. ಅಂಗೈಗೆ ಭಾರವಾಗಿ, ಒಂದು ತುಂಡು ಕಬ್ಬಿಣದ ಹಾಗೆ ಕೂರುತ್ತದೆ.

ಸ್ಪೆಸಿಫಿಕೇಶನ್ ಎಲ್ಲ ಬೇಡ, ಓದುವವರಿಗೆ ಗೊತ್ತಿರುತ್ತದೆ. ನನ್ನ ದಿನಚರಿ ಹೇಳುತ್ತೇನೆ. ಶನಿವಾರ ಬೆಳಿಗ್ಗೆ ರೇಂಜ್‌ಗೆ ಹೋಗಿ ಮೊದಲು ಗಾಳಿ ಬಾವುಟ ನೆಡುತ್ತೇನೆ. ತೋಟಾ ಡಬ್ಬಿಯನ್ನು ನೆರಳಲ್ಲಿ ಇಡುತ್ತೇನೆ, ಗುಂಡಿಗೆ ಬಳಿದ ಮೇಣ ಕರಗಬಾರದು. ಒಂದೊಂದೇ ತೋಟಾವನ್ನು ತಟ್ಟೆಯ ಮೇಲೆ ಮಲಗಿಸಿ, ಹೆಬ್ಬೆರಳಲ್ಲಿ ತಳ್ಳಿದರೆ ಸರಕ್ಕನೆ ಒಳಗೆ ಹೋಗುತ್ತದೆ. ಕೊನೆಯ ಒಂದು ಮಿಲಿಮೀಟರ್‌ನಲ್ಲಿ ಸೀಸ ನಳಿಗೆಯ ಗೆರೆಗಳಿಗೆ ತಾಗುವುದು ಬೆರಳಿಗೆ ತಿಳಿಯುತ್ತದೆ. ಆ ತಾಗುವಿಕೆ ಪ್ರತಿ ಸಲ ಒಂದೇ ಥರ ಇದ್ದರೆ ಮನಸ್ಸಿಗೆ ಸಮಾಧಾನ. ಟ್ರಿಗರ್ 2 ಔನ್ಸ್, ಅಂದರೆ 57 ಗ್ರಾಂ. ಬೆರಳಿಟ್ಟೆ ಅನ್ನುವಷ್ಟರಲ್ಲಿ ಹೋಗಿರುತ್ತದೆ.

ಸಂಜೆ ಮನೆಗೆ ಬಂದು ಅಡುಗೆಮನೆ ಮೇಜಿನ ಮೇಲೆ ಹಳೇ ಟವೆಲ್ ಹಾಸುತ್ತೇನೆ. ನಳಿಗೆಗೆ ಮೂರು ಒದ್ದೆ ಬಟ್ಟೆ, ಎರಡು ಒಣ ಬಟ್ಟೆ. ತೋಟಾ ಕೂರುವ ಜಾಗದ ಮುಂದೆ ಕರಿ ಉಂಗುರ ಕಟ್ಟುತ್ತದೆ, ಅದಕ್ಕೆ ಕಂಚಿನ ಬ್ರಶ್. ಬೋಲ್ಟ್‌ನ ಹಿಂದಿನ ಜಾರುವ ಮೂಲೆಗೆ ಸಾಸಿವೆ ಕಾಳಿನಷ್ಟು ಗ್ರೀಸ್. ಬೋಲ್ಟ್ ಒಳಗೆ ಮಾತ್ರ ಏನೂ ಹಾಕುವುದಿಲ್ಲ. ಇಲ್ಲಿನ ಚಳಿಗೆ ಗ್ರೀಸ್ ಗಟ್ಟಿಯಾಗಿ, ತೋಟಾಕ್ಕೆ ಪೆಟ್ಟು ಕೊಡುವ ಪಿನ್ ನಿಧಾನವಾಗುತ್ತದೆ. ಆಮೇಲೆ ಬೋಲ್ಟ್ ಒಂದು ಪೆಟ್ಟಿಗೆ, ರೈಫಲ್ ಇನ್ನೊಂದು ಬೀರು. ಮನೆಯಲ್ಲಿ ಮಕ್ಕಳಿದ್ದಾರೆ, ಎರಡನ್ನೂ ಒಟ್ಟಿಗೆ ಇಡುವುದಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಮೊದಲ ಮೂರು ವರ್ಷ ತುಂಬಾ ಚೆನ್ನಾಗಿದ್ದವು. ಒಂದು ಕಾಗದಕ್ಕೆ ನನ್ನ ಸರಾಸರಿ 2100ರ ಆಸುಪಾಸು. 2021ರಿಂದ ಒಂದು ಕಾಟ ಶುರುವಾಯಿತು. ಗಾಳಿ ಇಲ್ಲ, ಬಾವುಟ ಸತ್ತ ಹಾಗೆ ನೇತಾಡುತ್ತಿವೆ, ಹತ್ತು ಗುಂಡು ಕೂರಬೇಕಾದಲ್ಲೇ ಕೂತಿವೆ. ಹನ್ನೊಂದನೆಯದು ನೇರ ಕೆಳಗೆ. ಎಡಕ್ಕಲ್ಲ, ಬಲಕ್ಕಲ್ಲ, ಕೆಳಗೆ. ವರ್ಷಕ್ಕೆ ಒಂದೆರಡು ಇದ್ದದ್ದು ಕಾಗದಕ್ಕೆ ಒಂದೆರಡು ಆಯಿತು. ಸರಾಸರಿ 1900ಕ್ಕೆ ಇಳಿಯಿತು.

ಇಂಥ ಹೊತ್ತಲ್ಲಿ ಎಲ್ಲರೂ ಮೊದಲು ತೋಟಾವನ್ನೇ ಬಯ್ಯುತ್ತಾರೆ. ನಾನೂ ಬೈದೆ. ಈಲಿ ಕಂಪನಿಯ ಟೆನೆಕ್ಸ್, ಲಪುವಾ ಕಂಪನಿಯ ಮಿಡಾಸ್ ಥರದವು 50ರ ಡಬ್ಬಿಗೆ 20 ಡಾಲರ್ ದಾಟುತ್ತವೆ. ಒಂದೇ ಹೆಸರಿನ ತೋಟಾ ಆದರೂ ಲಾಟ್‌ನಿಂದ ಲಾಟ್‌ಗೆ, ಅಂದರೆ ತಯಾರಾದ ಕಂತಿನಿಂದ ಕಂತಿಗೆ, ವ್ಯತ್ಯಾಸ. ನಮ್ಮ ಓಹಾಯೋದ ಮರೆಂಗೋ ಊರಲ್ಲೇ ಲಪುವಾದವರ ಪರೀಕ್ಷಾ ಕೇಂದ್ರವಿದೆ. ರೈಫಲ್ ಒಯ್ದರೆ ಬೇರೆ ಬೇರೆ ಲಾಟ್ ಹೊಡೆದು ತೋರಿಸುತ್ತಾರೆ. ಅಲ್ಲಿಗೂ ಹೋಗಿ ಬಂದೆ. ಎಲ್ಲ ಲಾಟ್‌ಗಳಲ್ಲೂ ಕಾಗದದ ಮೇಲಿನ ತೂತುಗಳ ಗುಂಪು ನಿಂತುಕೊಂಡೇ ಇತ್ತು, ಅಗಲ ಕಡಿಮೆ, ಎತ್ತರ ಜಾಸ್ತಿ. ಅವತ್ತೇ ನನಗೆ ಹೊಳೆಯಬೇಕಿತ್ತು. ಎಲ್ಲ ಲಾಟ್ ಒಂದೇ ಥರ ತಪ್ಪಿದರೆ ತಪ್ಪು ಲಾಟ್‌ನದ್ದಲ್ಲ. ಹೊಳೆಯಲಿಲ್ಲ. ನಳಿಗೆಯ ತುದಿಯ ಟ್ಯೂನರ್ ಅನ್ನುವ ತೂಕ ತಿರುಗಿಸಿದೆ, ಸ್ಕೋಪ್ ಬದಲಿಸಿದೆ, ಸ್ಟಾಕ್‌ನಲ್ಲಿ ಆಕ್ಷನ್ ಕೂರುವ ಬೆಡ್ಡಿಂಗ್ ಮತ್ತೆ ಮಾಡಿಸಿದೆ. ಎರಡು ವರ್ಷ, ದುಡ್ಡಂತೂ ಲೆಕ್ಕ ಇಟ್ಟಿಲ್ಲ.

ಕೊನೆಗೆ 2023ರಲ್ಲಿ ಹೊಸ ಆಕ್ಷನ್ ತೆಗೆದುಕೊಂಡೆ. ವೂಡೂ ವಿ-22, ರಿಮ್‌ಎಕ್ಸ್ ಥರದವು ಬಂದಮೇಲೆ ಈ ಆಟದ ಮುಖವೇ ಬದಲಾಗಿದೆ. ಇವುಗಳ ಹೊರ ಅಳತೆ ರೆಮಿಂಗ್ಟನ್ 700ರದ್ದು. 1962ರಿಂದ ಇರುವ ಆ ಅಳತೆಗೆ ಸ್ಟಾಕ್, ಟ್ರಿಗರ್, ಸ್ಕೋಪ್ ಪಟ್ಟಿ ಎಲ್ಲ ಎಲ್ಲಿ ಬೇಕಾದರೂ ಸಿಗುತ್ತವೆ. ಮ್ಯಾಗಜೀನ್ ಇದೆ, ಯಾಕೆಂದರೆ ಇವು ಹುಟ್ಟಿದ್ದು ಎನ್‌ಆರ್‌ಎಲ್22 ಥರದ ಓಡಾಡಿ ಹೊಡೆಯುವ ಆಟಕ್ಕೆ. ಅಲ್ಲಿ ಏಣಿ, ಹಲಗೆ, ಪೀಪಾಯಿ ಮೇಲೆ ರೈಫಲ್ ಊರಿ ಗಡಿಯಾರದ ವಿರುದ್ಧ ಹೊಡೆಯಬೇಕು. ಈಗ ಅದೇ ಆಕ್ಷನ್‌ಗಳನ್ನು ಬೆಂಚ್‌ಗೂ ತರುತ್ತಿದ್ದಾರೆ. ನಾನು ಕೊಂಡದ್ದು ಈ ಜಾತಿಯ ಒಂದು. ಯಾವುದು ಅಂತ ಹೇಳುವುದಿಲ್ಲ, ಕಂಪನಿಗಿಂತ ಜಾತಿಯ ಮಾತು ಇದು.

ಮೊದಲ ದಿನವೇ ಬೇಜಾರಾಯಿತು. ಬೋಲ್ಟ್ ಎತ್ತಲು ಮೊಣಕೈ ಹಾಕಬೇಕು ಅನ್ನಿಸಿತು. ಎತ್ತಿದಾಗ ರೈಫಲ್ಲೇ ಚೀಲದ ಮೇಲೆ ಹೊರಳುತ್ತಿತ್ತು. ನನ್ನ ಹಳೆಯದು 90 ಡಿಗ್ರಿ ತಿರುಗುತ್ತದೆ, ಇದು 60 ಡಿಗ್ರಿ. ಬೋಲ್ಟ್ ಎತ್ತುವಾಗಲೇ ಪಿನ್ನನ್ನು ಮುಂದೆ ತಳ್ಳುವ ಸ್ಪ್ರಿಂಗ್ ಒತ್ತಿಕೊಳ್ಳುವುದು. ಅದೇ ಸ್ಪ್ರಿಂಗನ್ನು ಕಡಿಮೆ ತಿರುವಿನಲ್ಲಿ ಒತ್ತಬೇಕು, ಏರು ಕಡಿದಾಗುತ್ತದೆ. ಲೆಕ್ಕ ಅರ್ಥವಾಗುತ್ತದೆ, ಕೈ ಒಪ್ಪುವುದಿಲ್ಲ. ಮ್ಯಾಗಜೀನ್‌ನಿಂದ ಏರುವ ತೋಟಾದ ಸೀಸದ ಮೂತಿಗೆ ಅಂಚಿನಲ್ಲಿ ಒಂದು ಗೀರು ಬೀಳುತ್ತಿತ್ತು. ಮೇಣ ಬಳಿದ ಮೆತ್ತನೆ ಸೀಸ, ಉಗುರು ತಾಗಿದರೂ ಗುರುತಾಗುತ್ತದೆ. ಹಳೆಯದರಲ್ಲಿ ಈ ತಂಟೆಯೇ ಇರಲಿಲ್ಲ.

ಆದರೆ ಕಾಗದ ನೋಡಿದೆ. ಆ ಕೆಳಗಿನ ಗುಂಡು ಇಲ್ಲ. ಮೂರು ವಾರ ಹೊಡೆದೆ, ಇಲ್ಲ. ಗಾಳಿಗೆ ಅಡ್ಡ ಹೋಗಿವೆ, ನನ್ನ ತಪ್ಪಿಗೆ ಹೋಗಿವೆ, ಸುಮ್ನೆ ನೇರ ಕೆಳಗೆ ಬಿದ್ದದ್ದು ಒಂದೂ ಇಲ್ಲ. ತೋಟಾ ಅದೇ ಲಾಟ್. ಹಳೇ ಆಕ್ಷನ್‌ಗಳ ಕಾಲ ಮುಗಿಯಿತು ಅಂತ ತೀರ್ಮಾನಿಸಿದೆ. ಹಳೆಯದನ್ನು ಮಾರಲು ಫೋಟೋ ಕೂಡ ತೆಗೆದೆ.

ಆ ವಾರ ಊರಿಗೆ ಫೋನ್ ಮಾಡಿದ್ದೆ. ಸೆಪ್ಟೆಂಬರ್, ನಮ್ಮ ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಹೊತ್ತು. ಅಣ್ಣ ಕೋವಿ ಒರೆಸಿ, ಗಂಧ ಹಚ್ಚಿ, ನಳಿಗೆ ತುದಿಗೆ ತೋಕ್ ಪೂ (ಕೋವಿ ಹೂ) ಇಡಲು ತಯಾರಿ ಮಾಡುತ್ತಿದ್ದ. ನಾನು ರೈಫಲ್ ಮಾರುತ್ತಿದ್ದೇನೆ ಅಂದೆ.

"ಯಾಕೋ? ಅಷ್ಟು ಇಷ್ಟಪಡ್ತಿದ್ದೆಯಲ್ಲ?"

"ಹಳೇದಾಯ್ತು ಅಣ್ಣ. ಒಂದೊಂದು ಗುಂಡು ಕೆಳಗೆ ಬೀಳುತ್ತೆ."

"ಕುದುರೆ ಎತ್ತಿಟ್ಟೇ ಇಡ್ತೀಯಾ ಏನು? ಅಪ್ಪ ಬೈತಿರಲಿಲ್ವಾ, ಸ್ಪ್ರಿಂಗ್ ಸೋಲುತ್ತೆ ಅಂತ?"

ಅಪ್ಪ ಜೋಡಿ ನಳಿಗೆಯ ಕೋವಿಯನ್ನು ಬೀರುವಿಗೆ ಇಡುವ ಮುಂಚೆ ನಕಲಿ ತೋಟಾ ಹಾಕಿ, ನೆಲದ ಕಡೆಗೆ ಹಿಡಿದು, ಎರಡೂ ಕುದುರೆ ಇಳಿಸಿಯೇ ಇಡುತ್ತಿದ್ದರು. ನಾನು? ಬೋಲ್ಟ್ ಬಿಚ್ಚಿ ಪೆಟ್ಟಿಗೆಯಲ್ಲಿ ಇಡುತ್ತೇನೆ. ಬೋಲ್ಟ್ ಹೊರಗೆ ತೆಗೆದಾಗ ಅದು ಕಾಕ್ ಆಗಿಯೇ ಇರುತ್ತದೆ. ಅಂದರೆ ಸ್ಪ್ರಿಂಗ್ ಒತ್ತಿಕೊಂಡೇ ಇರುತ್ತದೆ. ವಾರಕ್ಕೆ ಆರು ದಿನ, ಐದು ವರ್ಷ. ಅದಕ್ಕೂ ಮುಂಚೆ ಹದಿನೇಳು ವರ್ಷ ಅದೇ ಸ್ಪ್ರಿಂಗ್ ಹೊಡೆದಿದೆ. ಹಿರಿಯರ ನೋಟ್‌ಬುಕ್ಕಿನಲ್ಲಿ ನಳಿಗೆ ಎರಡು ಸಲ ಬದಲಿಸಿದ್ದು ಬರೆದಿದೆ. ಸ್ಪ್ರಿಂಗ್ ಬದಲಿಸಿದ ಸಾಲು ಎಲ್ಲೂ ಇಲ್ಲ. ಸೋತದ್ದಕ್ಕೆ ನಾನು ಇಟ್ಟ ರೀತಿಯೊಂದೇ ಕಾರಣ ಅಂತ ಹೇಳುವುದಿಲ್ಲ, ವಯಸ್ಸೂ ಆಗಿತ್ತು.

ಅವತ್ತು ರಾತ್ರಿ ಎರಡೂ ರೈಫಲ್‌ಗಳ ಖಾಲಿ ತೋಟಾಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದೆ, ಇಪ್ಪತ್ತೈದು ಈ ಕಡೆ, ಇಪ್ಪತ್ತೈದು ಆ ಕಡೆ. ಭೂತಗನ್ನಡಿ ಹಿಡಿದು ಒಂದೊಂದರ ಅಂಚು ನೋಡಿದೆ. ರಿಮ್‌ಫೈರ್ ತೋಟಾದಲ್ಲಿ ಕೇಪಿನ ಮದ್ದು ತಳದ ಅಂಚಿನ ಮಡಿಕೆಯೊಳಗೇ ಇರುತ್ತದೆ. ಪಿನ್ ಬಂದು ಆ ಅಂಚನ್ನು ನಳಿಗೆಯ ಬಾಯಿಗೆ ಒತ್ತಿ ಜಜ್ಜಬೇಕು, ಆಗಲೇ ಕಿಡಿ. ಹೊಸದರ ಗುರುತುಗಳೆಲ್ಲ ಒಂದೇ ಅಚ್ಚಿನಲ್ಲಿ ಒತ್ತಿದ ಹಾಗಿದ್ದವು. ಚೌಕಾಕಾರ, ಆಳ ಒಂದೇ, ಮೂಲೆಗಳು ಚೂಪು. ಹಳೆಯದರಲ್ಲಿ ಕೆಲವು ಆಳ, ಕೆಲವು ತೆಳು. ಎರಡು ತೋಟಾಗಳಲ್ಲಿ ಗುರುತಿನ ಒಂದು ಮೂಲೆ ಬರೀ ಹೊಳಪಾಗಿತ್ತು, ಹಿತ್ತಾಳೆ ತಗ್ಗಿರಲೇ ಇಲ್ಲ.

ಇದು ಎಷ್ಟು ದೊಡ್ಡ ವಿಷಯ ಅಂತ ಲೆಕ್ಕ ಹಾಕಿ ನೋಡಿ. ಈ ತೋಟಾದ ಗುಂಡು ಸೆಕೆಂಡಿಗೆ ಸುಮಾರು 1,050 ಅಡಿ ವೇಗದಲ್ಲಿ ಹೊರಡುತ್ತದೆ. 50 ಗಜ ಮುಟ್ಟುವಷ್ಟರಲ್ಲಿ ನೆಲದ ಸೆಳೆತಕ್ಕೆ ಸುಮಾರು 10 ಸೆಂಟಿಮೀಟರ್ ಇಳಿದಿರುತ್ತದೆ. ವೇಗ 10 ಅಡಿ ಕಡಿಮೆಯಾದರೆ ಗುಂಡು ಇನ್ನೂ 2 ಮಿಲಿಮೀಟರ್ ಕೆಳಗೆ. 30 ಅಡಿ ಕಡಿಮೆಯಾದರೆ 6 ಮಿಲಿಮೀಟರ್, ಅಂದರೆ ಗುಂಡಿನ ಅಗಲಕ್ಕಿಂತ ಜಾಸ್ತಿ. ಪೆಟ್ಟು ಮೆತ್ತಗಾದರೆ ಮದ್ದು ಪೂರ್ತಿ ಒಂದೇ ಥರ ಹತ್ತುವುದಿಲ್ಲ, ವೇಗ ಬೀಳುತ್ತದೆ. ವೇಗ ಅಳೆಯುವ ಯಂತ್ರ ಇಟ್ಟು ಹಳೆಯದರಲ್ಲಿ 25 ಹೊಡೆದೆ. ಅತಿ ವೇಗದ್ದಕ್ಕೂ ಅತಿ ನಿಧಾನದ್ದಕ್ಕೂ 46 ಅಡಿ ಅಂತರ. ಎರಡು ವರ್ಷ ನಾನು ಗಾಳಿಯಲ್ಲಿ, ತೋಟಾದಲ್ಲಿ, ಸ್ಕೋಪ್‌ನಲ್ಲಿ ಹುಡುಕಿದ್ದು ಇಲ್ಲಿ ಕೂತಿತ್ತು.

ನನಗೆ ಸಿಟ್ಟು ಬಂದದ್ದು ಇದರ ನಂತರ. ಸ್ಪ್ರಿಂಗ್ ಸಿಗಬೇಕಲ್ಲ! ಮಾಡಿದವರ ಅಂಗಡಿ ಇಲ್ಲ. ನಕ್ಷೆ ಯಾರ ಹತ್ತಿರವೂ ಇಲ್ಲ. ಒಬ್ಬ ಗನ್‌ಸ್ಮಿತ್ "ಸರಿಹೋಗುತ್ತೆ" ಅಂತ ಬೇರೆ ಆಕ್ಷನ್ನಿನ ಸ್ಪ್ರಿಂಗ್ ಕತ್ತರಿಸಿ ಹಾಕಿಕೊಟ್ಟರು. 60 ಡಾಲರ್ ತೆಗೆದುಕೊಂಡರು. ಅದು ಓರೆಯಾಗಿ ಕೂತು ಒಳಗೋಡೆಗೆ ಉಜ್ಜುತ್ತಿತ್ತು, ಗುಂಪು ಇನ್ನೂ ಕೆಟ್ಟಿತು. ನಾಲ್ಕು ತಿಂಗಳು ರೈಫಲ್ ಮೂಲೆಯಲ್ಲಿ ಕೂತಿತು. ಸಾವಿರ ಡಾಲರ್ ದಾಟುವ ಆಕ್ಷನ್ನು ಐದು ಡಾಲರಿನ ಸುರುಳಿಯೊಂದಕ್ಕೆ ನಿಂತುಹೋಯಿತು ಅನ್ನುವುದು ಸಣ್ಣ ಮಾತಲ್ಲ. ಹೊಸದಕ್ಕೆ ಏನಾದರೂ ಬೇಕಿದ್ದರೆ ಫೋನ್ ಮಾಡಿದರೆ ಸಾಕು, ಮೂರನೇ ದಿನ ಅಂಚೆಯಲ್ಲಿ ಬಂದಿರುತ್ತದೆ. ಹಳೆಯದನ್ನು ಹೊಗಳುವವರು ಈ ಮಾತನ್ನು ನುಂಗಿಕೊಳ್ಳುತ್ತಾರೆ. ನುಂಗಿಕೊಳ್ಳಬಾರದು.

ಪೆನ್ಸಿಲ್ವೇನಿಯಾದಿಂದ ಪಂದ್ಯಕ್ಕೆ ಬಂದಿದ್ದ ಒಬ್ಬರ ಹತ್ತಿರ ನನ್ನದೇ ಆಕ್ಷನ್ ಇತ್ತು. ಮಾಡಿದವರಿಂದಲೇ ಕೊಂಡ, ಎಣ್ಣೆ ಕಾಗದದಲ್ಲಿ ಸುತ್ತಿದ ಹೊಸ ಸ್ಪ್ರಿಂಗ್ ಒಂದನ್ನು ಜೋಪಾನ ಮಾಡಿದ್ದರು. ಮಾರಲು ಒಪ್ಪಲಿಲ್ಲ, ಅಳೆಯಲು ಕೊಟ್ಟರು. ಅವರ ಟ್ರಕ್ಕಿನ ಹಿಂದಿನ ಬಾಗಿಲ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟೆವು. ವರ್ನಿಯರ್ ಬೇಕಾಗಲೇ ಇಲ್ಲ, ಕಣ್ಣಿಗೇ ಕಾಣುತ್ತಿತ್ತು. ನನ್ನದು 5 ಮಿಲಿಮೀಟರ್ ಗಿಡ್ಡ. ತಂತಿಯ ದಪ್ಪ, ಸುತ್ತುಗಳ ಲೆಕ್ಕ, ಹೊರ ಅಗಲ ಎಲ್ಲ ಬರೆದುಕೊಂಡೆ. ಸ್ಪ್ರಿಂಗ್ ಸುತ್ತುವವರೊಬ್ಬರಿಗೆ ಕೊಟ್ಟು ಆರು ಮಾಡಿಸಿದೆ. ಆರಕ್ಕೆ 90 ಡಾಲರ್.

ಹೊಸ ಸ್ಪ್ರಿಂಗ್ ಹಾಕಿ ಬೋಲ್ಟ್ ಎತ್ತಿದೆ. ನುಣುಪು ಹೋಗಿತ್ತು. ಕೈಗೆ ಒಂದು ಗಟ್ಟಿ ಏರು ಸಿಗುತ್ತಿತ್ತು, ಹೊಸ ಆಕ್ಷನ್ನಿನಷ್ಟಲ್ಲ, ಆದರೂ ಗಟ್ಟಿ. ನಾನು ಏಳು ಜನರಿಗೆ ತೋರಿಸಿ ಹೆಮ್ಮೆಪಟ್ಟಿದ್ದ ಆ ಹಗುರ ಎತ್ತುವಿಕೆ ಈ ಆಕ್ಷನ್ನಿನ ಗುಣವೇ ಆಗಿರಲಿಲ್ಲ. ರೇಂಜ್‌ಗೆ ಒಯ್ದು ಅದೇ ಲಾಟ್ 25 ಹೊಡೆದೆ. ಅಂತರ 24 ಅಡಿ. ಖಾಲಿ ತೋಟಾಗಳ ಅಂಚಿನಲ್ಲಿ ಒಂದೇ ಅಚ್ಚು. ಆ ತಿಂಗಳ ಕಾಗದಗಳಲ್ಲಿ ನೇರ ಕೆಳಗೆ ಬಿದ್ದ ಗುಂಡು ಒಂದೇ ಒಂದು. ಮಾರಲು ತೆಗೆದ ಫೋಟೋಗಳನ್ನು ಅಳಿಸಿಹಾಕಿದೆ.

ಹಾಗಾದರೆ ಹಳೆಯದು ಮೇಲೋ ಹೊಸದು ಮೇಲೋ? ನನ್ನ ಅಭಿಪ್ರಾಯ ಹೇಳುತ್ತೇನೆ. ಬೆಂಚ್ ಮೇಲೆ, 50 ಗಜದಲ್ಲಿ, ಎರಡೂ ಆರೋಗ್ಯವಾಗಿದ್ದರೆ ನನ್ನ ಕೈಯಲ್ಲಿ ಹಳೆಯದೇ ಒಂದು ಕೂದಲು ಮುಂದೆ. ಎರಡು ವರ್ಷದ ಕಾಗದಗಳನ್ನು ಹಾಕಿಕೊಂಡು ಹೇಳುತ್ತಿರುವುದು. ತೋಟಾ ಬೆರಳಿನಿಂದ ಹೋಗುತ್ತದೆ, ಸೀಸಕ್ಕೆ ಗಾಯವಿಲ್ಲ. ಎತ್ತಿದರೆ ರೈಫಲ್ ಕದಲುವುದಿಲ್ಲ, ಹೀಗಾಗಿ ಗುರಿ ಮತ್ತೆ ಹುಡುಕುವ ಕೆಲಸವಿಲ್ಲ. 25 ಗುಂಡಿನಲ್ಲಿ ಇದು ಎಷ್ಟು ದಣಿವು ಉಳಿಸುತ್ತದೆ ಅನ್ನುವುದು ಹೊಡೆದವರಿಗೇ ಗೊತ್ತು. ಹೊಸದರಲ್ಲಿ ನಾನು ಈಗ ಮ್ಯಾಗಜೀನ್ ಬದಲು ಒಂದೊಂದೇ ಹಾಕುವ ತಟ್ಟೆ ಕೂರಿಸಿದ್ದೇನೆ, ಗೀರಿನ ಕಾಟ ಹೋಯಿತು. ಬೋಲ್ಟ್‌ಗೆ ಕೈಯೂ ಒಗ್ಗಿದೆ. ಮೊದಲ ತಿಂಗಳು ಅದಕ್ಕೆ ನಾನು ಹಾಕಿದ ಬೈಗುಳದಲ್ಲಿ ಅರ್ಧ ಅನ್ಯಾಯದ್ದು. ಆ ಬಿಗಿ ಇದ್ದದ್ದರಿಂದಲೇ ಅದರ ಪೆಟ್ಟು ಸರಿಯಾಗಿತ್ತು.

ಹೊಸದರ ನಿಜವಾದ ಸುಖ ಬೇರೆ ಇದೆ. ನಳಿಗೆ ಬದಲಿಸುವುದು. ಅಳತೆಗೆ ಕಡೆದ ನಳಿಗೆ ತರಿಸಿ, ಗ್ಯಾರೇಜಿನ ವೈಸ್‌ಗೆ ಕಚ್ಚಿಸಿ, ನಾನೇ ಬಿಚ್ಚಿ ನಾನೇ ಹಾಕಿದೆ, ಒಂದು ಸಂಜೆ. ಹಳೆಯದಕ್ಕೆ ಆ ಕೆಲಸ ಆಗಬೇಕಾದರೆ ಆಕ್ಷನ್ನನ್ನೇ ಗನ್‌ಸ್ಮಿತ್ ಹತ್ತಿರ ಬಿಡಬೇಕು. ತೋಟಾದ ಅಂಚಿಗೆ ಎಷ್ಟು ಜಾಗ ಬಿಡಬೇಕು, ಖಾಲಿ ತೋಟಾ ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್ ಉಗುರಿಗೆ ಎಲ್ಲಿ ಕೊರೆಯಬೇಕು ಅಂತ ಅವರು ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ ಕೂರಿಸಬೇಕು. ತಿಂಗಳುಗಟ್ಟಲೆ ಕಾಯಬೇಕು. ಓಡಾಡಿ ಹೊಡೆಯುವ ಆಟ ಆಡುವವರಿಗಂತೂ ಹೊಸದೇ. ಅಲ್ಲಿ ಹಳೇ ಒಂಟಿ ತೋಟಾದ್ದನ್ನು ಒಯ್ದು ಪ್ರಯೋಜನವಿಲ್ಲ.

ದುಡ್ಡಿನ ಲೆಕ್ಕದಲ್ಲಿ ಹೇಳುವುದಾದರೆ, 1,500 ಡಾಲರ್‌ ಒಳಗೆ ಪೂರ್ತಿ ರೈಫಲ್ ಬೇಕು, ಬೆಂಚ್ ಆಟ ಮಾತ್ರ ಆಡುತ್ತೇನೆ ಅನ್ನುವವರು ಹಳೇ ಕಸ್ಟಮ್ ಆಕ್ಷನ್ ಹುಡುಕಿ. ಹೊಸದರಲ್ಲಿ ಆ ದುಡ್ಡು ಬಹುಪಾಲು ಆಕ್ಷನ್ನಿಗೇ ಹೋಗುತ್ತದೆ. ಆದರೆ ಕೊಳ್ಳುವ ಮುಂಚೆ ಬೋಲ್ಟ್ ಎತ್ತಿ "ಆಹಾ" ಅನ್ನಬೇಡಿ. ಮಾರುವವರನ್ನು ಕೇಳಿ ಹತ್ತು ಗುಂಡು ಹೊಡೆದು, ಖಾಲಿ ತೋಟಾ ಜೇಬಿಗೆ ಹಾಕಿಕೊಂಡು ಬಂದು ಬೆಳಕಲ್ಲಿ ಅಂಚು ನೋಡಿ. ಸ್ಪ್ರಿಂಗ್ ಯಾವಾಗ ಬದಲಿಸಿದ್ದು ಅಂತ ಕೇಳಿ. ಉತ್ತರ ಬರದಿದ್ದರೆ ಬದಲಿಸಿಲ್ಲ ಅಂತಲೇ ತಿಳಿಯಿರಿ. ಹಳೇ ಆಕ್ಷನ್‌ಗಳು ಹೊಸದರ ಮುಂದೆ ಸೋತವು ಅನ್ನುವ ಹೋಲಿಕೆ ಕಂಡಾಗಲೂ ನಾನು ಈಗ ಮೊದಲು ಕೇಳುವುದು ಇದನ್ನೇ. ಇಪ್ಪತ್ತು ವರ್ಷದ ಸ್ಪ್ರಿಂಗನ್ನು ಇಪ್ಪತ್ತು ದಿನದ ಸ್ಪ್ರಿಂಗ್ ಜೊತೆ ಹೋಲಿಸಿ ಆಕ್ಷನ್ನಿಗೆ ತೀರ್ಪು ಕೊಡುವುದು ನ್ಯಾಯವಲ್ಲ.

ಈಗ ಪ್ರತಿ ಶನಿವಾರ ಸಂಜೆ ಬೋಲ್ಟ್ ಒರೆಸಿದ ಮೇಲೆ ಸಣ್ಣ ಹಿಡಿಯೊಂದರಿಂದ ಹಿಂದಿನ ಭಾಗ ತಿರುಗಿಸಿ ಸ್ಪ್ರಿಂಗ್ ಇಳಿಸಿಯೇ ಪೆಟ್ಟಿಗೆಗೆ ಹಾಕುತ್ತೇನೆ. ಮಾಡಿಸಿದ ಆರರಲ್ಲಿ ಎರಡನ್ನು ಪೆನ್ಸಿಲ್ವೇನಿಯಾದವರಿಗೆ ಕಳಿಸಿದೆ. ಒಂದು ರೈಫಲ್ಲಿನಲ್ಲಿದೆ. ಮೂರು ಎಣ್ಣೆ ಕಾಗದದಲ್ಲಿ ಸುತ್ತಿ, ಮೇಲೆ ತಾರೀಕು ಬರೆದು ನೋಟ್‌ಬುಕ್ಕಿನ ಜೊತೆ ಇಟ್ಟಿದ್ದೇನೆ. ಸ್ಪ್ರಿಂಗ್ ಬದಲಿಸಿದ ಮೊದಲ ಸಾಲನ್ನೂ ಅದರಲ್ಲಿ ಬರೆದೆ. ಇನ್ನು ಎಕ್ಸ್‌ಟ್ರಾಕ್ಟರ್ ಉಗುರಿನ ಅಳತೆ ಬೇಕು, ಎಡಗಡೆಯದು ಸವೆಯಲು ಶುರುವಾಗಿದೆ. ಮುಚ್ಚಿಹೋದ ಸಣ್ಣ ಅಂಗಡಿಯ ದುಂಡು ಆಕ್ಷನ್ ನಿಮ್ಮ ಹತ್ತಿರವೂ ಇದ್ದು, ಬಳಸದ ಉಗುರು ಒಂದಿದ್ದರೆ, ಮಾರುವುದು ಬೇಡ. ಅಳೆಯಲು ಒಂದು ಗಂಟೆ ಕೊಟ್ಟರೆ ಸಾಕು, ನಾನೇ ಬರುತ್ತೇನೆ.